ತೇಜಸ್ವಿ ಪುಸ್ತಕ: ಮೊದಲು ಯಾವುದು ಹಿಡೀಬೇಕು?

ಮೊನ್ನೆ ನನ್ನ ನಾದಿನಿ ಫೋನ್ ಮಾಡಿದ್ಲು. "ಅತ್ತಿಗಿ, ತೇಜಸ್ವಿ ಪುಸ್ತಕ ನನಗ ಹತ್ತಂಗಿಲ್ಲ ಬಿಡು. ವಿಜ್ಞಾನ ನಮ್ಮಂಥೋರಿಗಲ್ಲ" ಅಂದ್ಲು. ಯಾವುದು ಓದಿದಿ ಅಂತ ಕೇಳಿದ್ರ, ಮಗ ತಂದುಕೊಟ್ಟ ಮಿಲೇನಿಯಮ್ ಸರಣಿಯೊಳಗ 'ಮಹಾಯುದ್ಧ' ತೆಗೆದು, ನಾಲ್ಕು ಪುಟಕ್ಕ ಮುಚ್ಚಿಟ್ಟಾಳ. ತಪ್ಪು ಆಕೀದಲ್ಲ, ಹೊಕ್ಕ ಬಾಗಿಲದ್ದು.

ಆ ಸರಣಿಯಾಗ ಒಟ್ಟು 16 ಪುಸ್ತಕ ಅದಾವು. ಒಂದಕ್ಕೊಂದು ಸಂಬಂಧ ಇಲ್ಲ, ಎಲ್ಲಿಂದ ಬೇಕಾದ್ರೂ ಓದಬಹುದು. ಅದಕ್ಕಾ ಹೊಸಬರಿಗೆ ದಿಕ್ಕು ತಪ್ಪೋದು. ಹಂಗಾಗಿ ಅದನ್ನ ಕೊನೀಗೆ ಇಡ್ರಿ ಅಂತೀನಿ ನಾನು.

ಮೊದಲು 'ಪರಿಸರದ ಕತೆ' ಹಿಡೀರಿ. ಬಾಳ ಮಂದಿ 'ಕರ್ವಾಲೊ' ಮೊದಲು ಓದು ಅಂತಾರ, ನಾ ಒಪ್ಪಂಗಿಲ್ಲ. 'ಪರಿಸರದ ಕತೆ'ಯಾಗ ಸಣ್ಣ ಸಣ್ಣ ಅಧ್ಯಾಯ. ಒಲಿ ಮ್ಯಾಲೆ ಬ್ಯಾಳಿ ಇಟ್ಟು ಕುಂತ್ರ, ಅದು ಬೇಯೋದ್ರಾಗ ಒಂದು ಮುಗೀತೈತಿ. ಕಾಡು, ಶಿಕಾರಿ, ಮೀನು, ಹಕ್ಕಿ, 'ಕಿವಿ' ಅನ್ನೋ ನಾಯಿ. ಪಾಠ ಮಾಡ್ದಂಗ ಅನಿಸಂಗಿಲ್ಲ, ಕಟ್ಟಿ ಮ್ಯಾಲೆ ಕುಂತು ಮಾತಾಡ್ದಂಗ ಐತಿ.

ಎರಡನೇದು 'ಕಿರಗೂರಿನ ಗಯ್ಯಾಳಿಗಳು'. 2016ರಾಗ ಸುಮನಾ ಕಿತ್ತೂರು ಇದನ್ನ ಸಿನಿಮಾ ಮಾಡಿದ್ರು. ಸಿನಿಮಾ ನೋಡಿದೋರೂ ಪುಸ್ತಕ ಬಿಡಬ್ಯಾಡ್ರಿ. ಆ ಹೆಂಗಸರ ಬಾಯಿ ಓದಿದ್ರ ನಮ್ಮ ಓಣಿಯೋರು ಒಬ್ಬೊಬ್ಬರಾ ನೆನಪಾಗ್ತಾರ. ಯಾರ್‍ಯಾರು ಅಂತ ಇಲ್ಲಿ ಬರೆಯಂಗಿಲ್ಲ!

ಆಮ್ಯಾಲೆ 'ಕರ್ವಾಲೊ'. 1980ರಾಗ ಬಂದ ಕಾದಂಬರಿ. ಹಾರೋ ಓತಿ ಹುಡುಕಿಕೊಂಡು ಕಾಡಿಗೆ ಹೋಗೋ ಕತಿ. ನಮ್ಮ ಹಲವಾಗಲು ಕಡೆ ಬೇಲಿ ಮ್ಯಾಲೆ ತಲಿ ಆಡಿಸೋ ಓತಿಕ್ಯಾತ ಅಷ್ಟಾ ಗೊತ್ತು. ಪಶ್ಚಿಮ ಘಟ್ಟದಾಗ ಹಾರೋದೂ ಐತಿ. ಪಕ್ಕೆಲುಬಿನ ಕೂಡ ಚರ್ಮ ಬಿಚ್ಚಿ ಮರದಿಂದ ಮರಕ್ಕ ತೇಲತೈತಿ. 'ಕಿವಿ' ಇಲ್ಲೂ ಬರ್ತಾನ. ಮೊದಲಾ ಗುರುತಿದ್ದ ನಾಯಿ, ಗುರುತಿದ್ದ ಕಾಡು ಆಗಿರೋದ್ರಿಂದ ಕತಿಯೊಳಗ ಹೋಗೋದು ಹಗುರ.

ನಾದಿನಿಗೆ ನಾ ಹೇಳಬೇಕಂದಿದ್ದೂ ಇದರಾಗಾ ಐತಿ. ಆ ಓತಿ ಕಂಡೋನು ದೊಡ್ಡ ವಿಜ್ಞಾನಿ ಅಲ್ಲ, ಮಂದಣ್ಣ. ಊರೋರು ಅವನನ್ನ ಲೆಕ್ಕಕ್ಕ ಇಟ್ಟಿರಂಗಿಲ್ಲ. ಆದ್ರ ಅಷ್ಟು ಓದಿದ ಕರ್ವಾಲೊ ಅವನ ಕಣ್ಣಿಗೆ, ಅವನ ಮಾತಿಗೆ ಬೆಲೆ ಕೊಡ್ತಾರ. ನನ್ನ ನಾದಿನಿ ಮೆಕ್ಕೆಜೋಳದ ಎಲಿ ಮ್ಯಾಲಿನ ತೂತು ನೋಡಿ, ಸುಳಿಯಾಗ ಹುಳ ಕುಂತೈತಿ ಅಂತ ಎಲ್ಲಾರಿಗಿಂತ ಮೊದಲು ಹೇಳೋಳು. ಆಕೀನಾ "ವಿಜ್ಞಾನ ನಮಗಲ್ಲ" ಅಂದ್ರ ಹೆಂಗ? ಪಿಯುಸಿಗೆ ಪುಸ್ತಕ ಮುಚ್ಚಿಟ್ಟ ನಾನೂ ಬಾಳ ವರ್ಷ ಹಂಗಾ ಅಂದೀನಿ.

ಈ ಮೂರು ಆದಮ್ಯಾಲೆ 'ಚಿದಂಬರ ರಹಸ್ಯ', 'ಜುಗಾರಿ ಕ್ರಾಸ್' ತಾವಾ ಓದಿಸಿಕೊಂಡು ಹೋಗ್ತಾವು. ಮಿಲೇನಿಯಮ್‌ಗೆ ಬಂದಾಗ 'ಮಹಾಪಲಾಯನ' ಮೊದಲು ತಗೋರಿ. ಸೈಬೀರಿಯಾದ ಸೆರೆಯಿಂದ ತಪ್ಪಿಸಿಕೊಂಡೋರು ನಡಕೊಂತ ಭಾರತದ ತನಕ ಬರೋ ಕತಿ, ಕೆಳಗಿಡಾಕ ಆಗಂಗಿಲ್ಲ. 'ವಿಸ್ಮಯ ವಿಶ್ವ', 'ಚಂದ್ರನ ಚೂರು' ಅದರ ಹಿಂದ. 'ಮಹಾಯುದ್ಧ' ಮೂರು ಭಾಗ ಎಲ್ಲಾದರ ಕೊನೀಗೆ.

ನನ್ನ 'ಪರಿಸರದ ಕತೆ' ನಾದಿನಿ ಮನೀಗೆ ಹೊಂಟೈತಿ. ಆಕಿ ಮುಗಿಸಿದ ಮ್ಯಾಲೆ ಯಾರಿಗೆ ಬೇಕು, ಈಗಾ ಹೇಳಿಡ್ರಿ. ಪುಟದ ಕಿವಿ ಮಾತ್ರ ಮಡಚಬ್ಯಾಡ್ರವ್ವಾ.