ಸಬ್‌ಟೈಟಲ್ ಓದಿ ಹೇಳುವ ಕೆಲಸ

ವಿದೇಶಿ ಸಿನಿಮಾ ನೋಡೋದಕ್ಕೆ ನನ್ನದೊಂದು ಪದ್ಧತಿ ಇತ್ತು. ರಾತ್ರಿ ಹತ್ತೂವರೆಗೆ ಲ್ಯಾಪ್‌ಟಾಪ್ ಮುಚ್ಚಿ, ಊಟದ ತಟ್ಟೆ ಹಿಡಿದು ಟಿವಿ ಮುಂದೆ ಕೂರೋದು. ಇಂಗ್ಲಿಷ್ ಸಬ್‌ಟೈಟಲ್ ಹಾಕೋದು. ನಿಧಾನ ಅನ್ನಿಸಿದರೆ ಸ್ಪೀಡು ಒಂದೂವರೆಗೆ ಏರಿಸೋದು. ಮಧ್ಯೆ ಮಧ್ಯೆ ಫೋನ್. ಮುಗಿದ ಮೇಲೆ ಫ್ರೆಂಡ್ಸ್ ಗ್ರೂಪಿಗೆ "ಸೂಪರ್, ಆದ್ರೆ ಸ್ವಲ್ಪ ಸ್ಲೋ" ಅಂತ ಒಂದು ಮೆಸೇಜು. ಇಷ್ಟರಲ್ಲೇ ನಾನು ಜಪಾನ್, ಇರಾನ್, ಕೊರಿಯಾ ಎಲ್ಲ ಸುತ್ತಿ ಬಂದಿದ್ದೆ.

ಹೋದ ತಿಂಗಳು ಈ ಪದ್ಧತಿ ಕೆಟ್ಟಿತು. ಅಪ್ಪನ ಕಣ್ಣಿನ ಪೊರೆ ಆಪರೇಷನ್ನಿಗೆ ಅಂತ ಅಪ್ಪ, ಅಮ್ಮ ಸಾಗರದಿಂದ ಬೆಂಗಳೂರಿಗೆ ಬಂದು ನನ್ನ ಜೊತೆ ಮೂರು ವಾರ ಇದ್ದರು.

ಮೊದಲ ವಾರ ನಮ್ಮ ಆಫೀಸಿನಲ್ಲಿ ರಿಲೀಸ್ ಇತ್ತು. ಐಟಿಯವರಿಗೆ ಬಿಡಿಸಿ ಹೇಳೋದೇ ಬೇಡ. ಬೆಳಿಗ್ಗೆಯಿಂದ ರಾತ್ರಿವರೆಗೆ ಕಾಲ್. ಆಪರೇಷನ್ನಿಗೆ ಇನ್ನೂ ಐದು ದಿನ ಇತ್ತಲ್ಲ, ಇಬ್ಬರೂ ಮನೆಯಲ್ಲಿ ಕೂತು ಬೇಜಾರಾಗೋದು ಬೇಡ ಅಂತ ನಂದಿ ಬೆಟ್ಟದ ಹತ್ತಿರ ಒಂದು ರೆಸಾರ್ಟ್ ಬುಕ್ ಮಾಡಿ, ಕ್ಯಾಬ್ ಹತ್ತಿಸಿದೆ. ಎರಡು ರಾತ್ರಿ ಅಂತ ಬುಕ್ ಮಾಡಿದ್ದು. ಮರುದಿನ ಬೆಳಿಗ್ಗೆಯೇ ವಾಪಸ್ ಬಂದರು! ಅಲ್ಲಿ ಯಾವುದೋ ಕಂಪನಿಯವರ ಟೀಮ್ ಔಟಿಂಗ್ ಅಂತೆ. ಮಧ್ಯರಾತ್ರಿ ಕಳೆದರೂ ಡಿಜೆ ನಿಲ್ಲಲಿಲ್ಲವಂತೆ. ಬಾಗಿಲು ತೆಗೆದ ನಾನು ಕೇಳಿದ ಮೊದಲ ಮಾತು, "ಇಷ್ಟು ಬೇಗ ಯಾಕೆ ಬಂದ್ರಿ?" ಕಾಲ್ ಇನ್ನೂ ಚಾಲ್ತಿಯಲ್ಲಿತ್ತು. ಹಿಂದೆ ಬ್ಯಾಗ್ ಹಿಡಿದು ಹೋದ ಅಮ್ಮನನ್ನು ಕ್ಯಾಮೆರಾದಲ್ಲಿ ನೋಡಿ ಟೀಮಿನ ಒಬ್ಬರು ಯಾರು ಅಂತ ಕೇಳಿದರು. "ಊರಿಂದ ಗೆಸ್ಟ್ಸ್" ಅಂದುಬಿಟ್ಟೆ. ವಿವರಿಸೋಕೆ ಟೈಮ್ ಇರಲಿಲ್ಲ, ಅಷ್ಟೇ. ಆದರೆ ಗೆಸ್ಟ್ ಅನ್ನೋದು ಅಮ್ಮನಿಗೂ ಗೊತ್ತಿರೋ ಪದ.

ಆಪರೇಷನ್ ಚೆನ್ನಾಗಾಯಿತು. ಸಂಜೆ ಹೊತ್ತು ಅಪ್ಪ ಕಪ್ಪು ಕನ್ನಡಕ ಹಾಕಿಕೊಂಡು ದಿವಾನದ ಮೇಲೆ ಒರಗಿರುತ್ತಿದ್ದರು. ಕಣ್ಣಿಗೆ ಶ್ರಮ ಬೇಡ ಅಂತ ತಾವಾಗಿಯೇ ಟಿವಿ ಕಡೆ ನೋಡುತ್ತಿರಲಿಲ್ಲ. ಅಮ್ಮನಿಗೆ ಇಂಗ್ಲಿಷ್ ಕೂಡಿಸಿ ಓದೋಕೆ ಬರುತ್ತೆ, ಆದರೆ ಒಂದು ಸಾಲು ಓದೋ ಹೊತ್ತಿಗೆ ಮೂರು ಸಾಲು ದಾಟಿರುತ್ತೆ. ರಿಲೀಸ್ ಮುಗಿದಿತ್ತು, ನನಗೂ ಪುರುಸೊತ್ತು. "ನೀನು ದಿನಾ ನೋಡೋದನ್ನೇ ಹಾಕು ಮಾರಾಯ, ಏನು ಅಂತ ಹೇಳ್ತಾ ಹೋಗು" ಅಂದಳು ಅಮ್ಮ. ಹಾಗೆ ನಾನು ಸಬ್‌ಟೈಟಲ್ ಓದಿ ಕನ್ನಡದಲ್ಲಿ ಹೇಳುವ ಕೆಲಸಕ್ಕೆ ಸೇರಿದೆ.

ಮೊದಲು ಹಾಕಿದ್ದು ‘ಟೋಕಿಯೋ ಸ್ಟೋರಿ’. ಯಸುಜಿರೊ ಓಜು 1953ರಲ್ಲಿ ಮಾಡಿದ ಜಪಾನಿ ಸಿನಿಮಾ. ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 2012ರಲ್ಲಿ ಜಗತ್ತಿನ ನಿರ್ದೇಶಕರನ್ನು ಕೇಳಿದಾಗ ಅವರು ಮೊದಲ ಸ್ಥಾನ ಕೊಟ್ಟಿದ್ದು ಇದಕ್ಕೇ. ಕಪ್ಪು ಬಿಳುಪು, 2 ಗಂಟೆ 16 ನಿಮಿಷ ಅಂತ ಹೆದರಿ ನಾನು ವರ್ಷಗಟ್ಟಲೆ ಮುಂದೂಡಿದ್ದೆ. ಇದರಲ್ಲಿ ಏನಿದೆ ಅಂತ ಗೊತ್ತಿದ್ದಿದ್ದರೆ ಅವತ್ತೂ ಹಾಕುತ್ತಿರಲಿಲ್ಲ.

ಕಥೆ ಇಷ್ಟೇ. ಓನೊಮಿಚಿ ಅನ್ನೋ ಸಣ್ಣ ಊರಿನ ವಯಸ್ಸಾದ ಗಂಡ ಹೆಂಡತಿ ಮಕ್ಕಳನ್ನು ನೋಡೋಕೆ ಟೋಕಿಯೋಗೆ ಬರುತ್ತಾರೆ. ದೊಡ್ಡ ಮಗ ಡಾಕ್ಟರು. ಭಾನುವಾರ ಸುತ್ತಾಡಿಸ್ತೀನಿ ಅಂದಿದ್ದು, ರೋಗಿ ಬಂತು ಅಂತ ರದ್ದಾಗುತ್ತೆ. ಮಗಳು ಬ್ಯೂಟಿ ಪಾರ್ಲರ್ ನಡೆಸುತ್ತಾಳೆ, ಅವಳಿಗೂ ಬಿಡುವಿಲ್ಲ. ಕೊನೆಗೆ ಮಗ, ಮಗಳು ದುಡ್ಡು ಹಾಕಿ ಅಪ್ಪ ಅಮ್ಮನನ್ನು ಅಟಾಮಿ ಅನ್ನೋ ಬಿಸಿನೀರಿನ ಬುಗ್ಗೆಯ ಊರಿಗೆ ಕಳಿಸುತ್ತಾರೆ. ಅಲ್ಲಿನ ಹೋಟೆಲಿನಲ್ಲಿ ರಾತ್ರಿಯಿಡೀ ಗಲಾಟೆ, ಹಾಡು. ನಿದ್ದೆಯಿಲ್ಲ. ಇಬ್ಬರೂ ಬೇಗ ವಾಪಸ್ ಬಂದುಬಿಡುತ್ತಾರೆ.

ಇಷ್ಟು ಹೇಳೋ ಹೊತ್ತಿಗೆ ನನ್ನ ದನಿ ಸಣ್ಣಗಾಗಿತ್ತು. ಮಗಳು, ಇಷ್ಟು ಬೇಗ ಯಾಕೆ ಬಂದಿರಿ ಅಂತ ಕೇಳುತ್ತಾಳೆ. ಪಾರ್ಲರಿಗೆ ಬಂದ ಗಿರಾಕಿ, ಅವರು ಯಾರು ಅಂತ ವಿಚಾರಿಸುತ್ತಾಳೆ. ಊರ ಕಡೆಯ ಪರಿಚಯದವರು ಅನ್ನುತ್ತಾಳೆ ಮಗಳು.

ಸಬ್‌ಟೈಟಲ್ ಪರದೆ ಮೇಲಿತ್ತು. ನಾನು ಅಮ್ಮನಿಗೆ ಹೇಳಿದ್ದು: "ನಮ್ಮ ಅಪ್ಪ ಅಮ್ಮ ಅಂತ ಹೇಳಿದ್ಳು."

ಅಮ್ಮ ಏನೂ ಅನ್ನಲಿಲ್ಲ. ಸಿನಿಮಾ ಮುಂದಕ್ಕೆ ಹೋಯಿತು.

ಈ ಸಿನಿಮಾದಲ್ಲಿ ಕೆಟ್ಟವರು ಯಾರೂ ಇಲ್ಲ. ಯಾರೂ ಕೂಗಾಡೋದಿಲ್ಲ, ಮನೆಯಿಂದ ಹೊರಗೆ ಹಾಕೋದಿಲ್ಲ. ಕ್ಯಾಮೆರಾ ಕೂಡ ಚಾಪೆ ಮೇಲೆ ಕೂತವರ ಎತ್ತರದಲ್ಲಿ, ಮನೆಯವರಲ್ಲೇ ಒಬ್ಬರ ಹಾಗೆ ಸುಮ್ಮನೆ ನೋಡುತ್ತಿರುತ್ತೆ. ಆ ಮನೆಗಳಲ್ಲಿ ಇಲ್ಲದ್ದು ಪುರುಸೊತ್ತು ಒಂದೇ. ಯುದ್ಧದಲ್ಲಿ ತೀರಿಹೋದ ಇನ್ನೊಬ್ಬ ಮಗನ ಹೆಂಡತಿ ನೊರಿಕೊ ಮಾತ್ರ ಆಫೀಸಿಗೆ ಒಂದು ದಿನ ರಜೆ ಹಾಕಿ, ಅತ್ತೆ ಮಾವನನ್ನು ಬಸ್ಸಿನಲ್ಲಿ ಟೋಕಿಯೋ ಸುತ್ತಿಸುತ್ತಾಳೆ. ಆಮೇಲೆ ತನ್ನ ಒಂಟಿ ಕೋಣೆಗೆ ಕರೆದುಕೊಂಡು ಹೋಗುತ್ತಾಳೆ. ಮಾವನಿಗೆ ಕೊಡೋಕೆ ಅಂತ ಪಕ್ಕದ ಮನೆಯಿಂದ ಸಾಕೆ ಎರವಲು ತರುತ್ತಾಳೆ. ಸ್ವಂತ ಮಕ್ಕಳ ಮನೆಗಿಂತ ಜಾಸ್ತಿ ಉಪಚಾರ ಅವಳ ಆ ಒಂದು ಕೋಣೆಯಲ್ಲಿ ಆಗುತ್ತೆ.

ಊರಿಗೆ ಮರಳಿದ ಸ್ವಲ್ಪ ದಿನಕ್ಕೆ ತಾಯಿ ತೀರಿಹೋಗುತ್ತಾಳೆ. ಅದಕ್ಕೂ ಮೊದಲು ಒಂದು ಮಾತು ಬರುತ್ತೆ. ನಮ್ಮ ಮಕ್ಕಳು ಬೇರೆಯವರ ಮಕ್ಕಳಿಗಿಂತ ಎಷ್ಟೋ ವಾಸಿ, ನಾವು ಪುಣ್ಯವಂತರು ಅಂತ ಗಂಡ ಹೆಂಡತಿ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಇದನ್ನ ನಾನು ಸರಿಯಾಗಿಯೇ ಹೇಳಿದೆ. ಕಪ್ಪು ಕನ್ನಡಕದೊಳಗೆ ನಿದ್ದೆ ಮಾಡಿದ್ದಾರೆ ಅಂದುಕೊಂಡಿದ್ದ ಅಪ್ಪ, "ಹೌದು, ಹಂಗೇ ಹೇಳ್ಕೊಳ್ಳೋದು" ಅಂದರು. ಮುಂದೆ ಮಾತಾಡಲಿಲ್ಲ.

ಓಜು ಮದುವೆಯಾಗಲೇ ಇಲ್ಲ, ತಾಯಿಯ ಜೊತೆಗೇ ಬದುಕಿದ ಮನುಷ್ಯ. ಬಿಟ್ಟು ಹೋಗುವ ಮಕ್ಕಳ ಕಥೆಯನ್ನು ಮಕ್ಕಳನ್ನು ಬೈಯದೆ ಹೇಳಿದ್ದು ಅಂಥವನೇ ಅನ್ನೋದು ನನಗೆ ಈಗಲೂ ಆಶ್ಚರ್ಯ.

ಎರಡು ದಿನ ಬಿಟ್ಟು ‘ಹನಿಲ್ಯಾಂಡ್’ ಹಾಕಿದೆ. 2019ರಲ್ಲಿ ಬಂದ ಉತ್ತರ ಮ್ಯಾಸಿಡೋನಿಯಾದ ಸಾಕ್ಷ್ಯಚಿತ್ರ. ಆಸ್ಕರ್‌ನಲ್ಲಿ ಸಾಕ್ಷ್ಯಚಿತ್ರ, ಅಂತರರಾಷ್ಟ್ರೀಯ ಸಿನಿಮಾ ಎರಡೂ ವಿಭಾಗಕ್ಕೆ ನಾಮನಿರ್ದೇಶನ ಸಿಕ್ಕಿದ ಮೊದಲ ಚಿತ್ರ ಇದು. ಎಲ್ಲರೂ ಬಿಟ್ಟುಹೋದ, ಕರೆಂಟಿಲ್ಲದ ಹಳ್ಳಿಯಲ್ಲಿ ಹತಿಜೆ ಅನ್ನೋ ಐವತ್ತು ದಾಟಿದ ಹೆಂಗಸು ಇದ್ದಾಳೆ. ಜೊತೆಗೆ ಹಾಸಿಗೆ ಹಿಡಿದ, ಕಣ್ಣು ಸರಿಯಾಗಿ ಕಾಣದ 85 ವರ್ಷದ ತಾಯಿ. ಕಾಡು ಜೇನೇ ಜೀವನ. ಅರ್ಧ ನನಗೆ, ಅರ್ಧ ನಿಮಗೆ ಅನ್ನೋದು ಅವಳು ಹುಳುಗಳ ಜೊತೆ ಮಾಡಿಕೊಂಡ ಒಪ್ಪಂದ. ಪಕ್ಕದಲ್ಲಿ ಬಂದಿಳಿಯುವ ಹುಸೇನ್ ಅನ್ನೋನ ದೊಡ್ಡ ಸಂಸಾರಕ್ಕೆ ಅವಳೇ ಜೇನು ಸಾಕೋದು ಕಲಿಸುತ್ತಾಳೆ. ವ್ಯಾಪಾರಿಯ ಒತ್ತಾಯಕ್ಕೆ ಆತ ಜೇನೆಲ್ಲ ತೆಗೆದುಬಿಡುತ್ತಾನೆ. ಹೊಟ್ಟೆಗಿಲ್ಲದ ಅವನ ಹುಳುಗಳು ಇವಳ ಗೂಡಿಗೆ ನುಗ್ಗುತ್ತವೆ.

ಇಲ್ಲಿ ನನ್ನ ಕೆಲಸ ಕಡಿಮೆಯಾಯಿತು. ಅಮ್ಮನೇ ಹೇಳೋಕೆ ಶುರು ಮಾಡಿದಳು. "ನಮ್ಮಜ್ಜನೂ ತುಡುವೆ ಜೇನು ತೆಗೆವಾಗ ಎರಿ ಅಷ್ಟೂ ಕೊಯ್ತಿರಲಿಲ್ಲ. ಒಂದಿಷ್ಟು ಬಿಟ್ಟೇ ಬರೋರು." ಹತಿಜೆ ಪೇಟೆಗೆ ಹೋಗಿ ಜೇನು ಮಾರಿ, ತಲೆಗೆ ಹಚ್ಚೋ ಬಣ್ಣ ಕೊಳ್ಳುತ್ತಾಳೆ. ನೋಡೋರು ಯಾರೂ ಇಲ್ಲದ ಊರಿನಲ್ಲಿ ಅದು ಯಾಕೆ ಅಂತ ನಾನು ಕೇಳಿದ್ದಕ್ಕೆ ಅಮ್ಮ ನನ್ನನ್ನೇ ಪೆದ್ದನ ಹಾಗೆ ನೋಡಿದಳು. "ಅವಳು ಇದಾಳಲ್ಲ ನೋಡ್ಕೊಳ್ಳೋಕೆ!"

ನಾನು ಹತಿಜೆಯನ್ನು ತ್ಯಾಗದ ಮೂರ್ತಿ ಅಂತ ಹೊಗಳೋಕೆ ಹೊರಟಿದ್ದೆ. ಅಮ್ಮ ಒಪ್ಪಲಿಲ್ಲ. ಹಿಂದೆ ಸಂಬಂಧ ಕೇಳಿಕೊಂಡು ಬಂದಾಗ ಮನೆಯವರು ಕೊಟ್ಟಿರಲಿಲ್ಲ ಅನ್ನೋ ಮಾತು ಬರುತ್ತಲ್ಲ, ಅಮ್ಮ ಹಿಡಿದುಕೊಂಡಿದ್ದು ಅದನ್ನ. "ನೋಡ್ಕೊಂಡಿದ್ದು ಒಳ್ಳೇದು. ಹಂಗಂತ ಒಬ್ಬಳ ಜೀವನ ಅಲ್ಲೇ ಕಟ್ಟಿ ಹಾಕಬಾರದಿತ್ತು. ನೀನು ಬಂದು ಸಾಗರದಲ್ಲಿ ಕೂತ್ಕೋ ಅಂತ ನಾನು ಯಾವತ್ತಾದ್ರೂ ಹೇಳಿದೀನಾ?"

ಇಲ್ಲ. ಯಾವತ್ತೂ ಹೇಳಿಲ್ಲ.

ಸಿನಿಮಾ ಮುಗಿದ ಮೇಲೆ ಅಮ್ಮನಿಗೆ ಒಂದು ವಿಷಯ ಹೇಳಿದೆ. ತಮಾರಾ ಕೊಟೆವ್‌ಸ್ಕಾ, ಲ್ಯುಬೊಮಿರ್ ಸ್ಟೆಫಾನೋವ್ ಅನ್ನೋ ನಿರ್ದೇಶಕರು ಮೂರು ವರ್ಷ ಚಿತ್ರೀಕರಣ ಮಾಡಿ 400 ಗಂಟೆಗೂ ಹೆಚ್ಚು ಫುಟೇಜ್ ತಂದರು. ಆದರೆ ಹತಿಜೆ ಮಾತಾಡೋ ಹಳೇ ತುರ್ಕಿ ಅವರಿಗೆ ಅರ್ಥವಾಗುತ್ತಿರಲಿಲ್ಲ. ಮಾತು ಬಿಟ್ಟು, ಬರೀ ಮುಖ, ಮೈಯ ಚಲನೆ ನೋಡಿಕೊಂಡೇ ಮೊದಲ ಎಡಿಟಿಂಗ್ ಮಾಡಿದರು.

"ಮಾತು ಯಾಕೆ ಬೇಕು, ಮುಖ ನೋಡಿದ್ರೆ ಗೊತ್ತಾಗಲ್ವಾ?" ಅಂದಳು ಅಮ್ಮ. ಆಮೇಲೆ ಮೆಲ್ಲಗೆ, "ಮೊನ್ನೆ ಆ ಪಾರ್ಲರ್ ಹುಡುಗಿನೂ ಅಪ್ಪ ಅಮ್ಮ ಅಂತ ಹೇಳಿಲ್ಲ ಬಿಡು" ಅಂದಳು.

ನಾನು ಒಪ್ಪಿಕೊಂಡೆ. ಆ ಕಾಲ್‌ನಲ್ಲಿ ನಾನು ಅಂದಿದ್ದನ್ನೂ ಹೇಳಿ ಸಾರಿ ಕೇಳಿದೆ. "ಕೆಲಸದ ಮಧ್ಯೆ ಅಂದಿದ್ದಲ್ವಾ" ಅಂತ ಅಮ್ಮ ಎದ್ದು, ಅಪ್ಪನ ಕಣ್ಣಿಗೆ ಡ್ರಾಪ್ಸ್ ಹಾಕೋಕೆ ಹೋದಳು. ಕ್ಷಮಿಸಿದಳೋ, ಮಾತು ಮುಗಿಸಿದಳೋ ನನಗೆ ಗೊತ್ತಾಗಲಿಲ್ಲ. ಮುಖ ನೋಡಿ ತಿಳಿಯೋ ವಿದ್ಯೆ ಅವಳಿಗಿದ್ದಷ್ಟು ನನಗಿಲ್ಲ.

ಈ ಎರಡು ಸಿನಿಮಾ ನೋಡಿ ಅಂತ ನಿಮಗೂ ಹೇಳ್ತೀನಿ. ಒಬ್ಬರೇ ಬೇಡ, ಸಬ್‌ಟೈಟಲ್ ಓದೋಕಾಗದ ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಸ್ಪೀಡು ಒಂದೇ ಇರಲಿ. ಬಾಯಿಬಿಟ್ಟು ಹೇಳೋಕೆ ಹೋದಾಗ ಯಾವ ಸಾಲಿಗೆ ನಾಲಿಗೆ ತೊಡರುತ್ತೆ ಅಂತ ಗಮನಿಸಿ. ನಾನು ಇನ್ನೂರು ಸಿನಿಮಾ ನೋಡಿ ಕಲಿಯದ್ದು ಆ ಒಂದು ಸಾಲಿನಲ್ಲಿತ್ತು.

ಅಪ್ಪನ ಇನ್ನೊಂದು ಕಣ್ಣಿನ ಆಪರೇಷನ್ ಎರಡು ತಿಂಗಳು ಬಿಟ್ಟು. ರಿಲೀಸ್ ಇಲ್ಲದ ವಾರ ನೋಡಿ ನಾಲ್ಕು ದಿನ ರಜೆ ಹಾಕಿದ್ದೀನಿ, ಈ ಸಲ ರೆಸಾರ್ಟ್ ಇಲ್ಲ. ಅಮ್ಮ ಫೋನಿನಲ್ಲಿ ಈಗಲೇ ಆರ್ಡರ್ ಕೊಟ್ಟಿದ್ದಾಳೆ: "ಮುದುಕರ ಕಥೆ ಸಾಕು, ಮಕ್ಕಳದ್ದು ಯಾವುದಾದ್ರೂ ಹಾಕು." ಇರಾನಿನ ‘ಚಿಲ್ಡ್ರನ್ ಆಫ್ ಹೆವನ್’ ತೆಗೆದಿಟ್ಟಿದ್ದೀನಿ. ಒಂದೇ ಜೊತೆ ಶೂ ಹಂಚಿಕೊಳ್ಳೋ ಅಣ್ಣ ತಂಗಿ ಕಥೆ. ಅದರಲ್ಲೂ ಅಳು ಬರುತ್ತೆ ಅಂತ ಇನ್ನೂ ಹೇಳಿಲ್ಲ.