ಟೆಕ್ನೋ ಹುಟ್ಟಿದ್ದು ಡೆಟ್ರಾಯಿಟ್‌ನಲ್ಲಿ, ಪರಂಪರೆಯ ಪಟ್ಟ ಬರ್ಲಿನ್‌ಗೆ

2024ರ ಮಾರ್ಚ್‌ನಲ್ಲಿ ಜರ್ಮನಿ ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಬರ್ಲಿನ್ ನಗರದ ಟೆಕ್ನೋ ಸಂಸ್ಕೃತಿಯನ್ನು ಸೇರಿಸಿತು. ಇದು ಯುನೆಸ್ಕೋದ ಜಾಗತಿಕ ಪಟ್ಟಿ ಅಂತ ಹಲವರು ಅಂದುಕೊಂಡರು. ಅಲ್ಲ, ಯುನೆಸ್ಕೋದ ಜರ್ಮನ್ ಆಯೋಗ ನೋಡಿಕೊಳ್ಳುವ ರಾಷ್ಟ್ರೀಯ ಪಟ್ಟಿ. ಆದರೂ ಪರಿಣಾಮ ಸಣ್ಣದಲ್ಲ. 'ಟೆಕ್ನೋ ಎಲ್ಲಿಯದು?' ಅಂತ ಇವತ್ತು ಯಾರನ್ನಾದರೂ ಕೇಳಿ, ಬೆಂಗಳೂರಿನ ಪಬ್‌ನಲ್ಲಿ ಇದೇ ಬೀಟ್‌ಗೆ ಕುಣಿಯುವ ಹುಡುಗರನ್ನೇ ಕೇಳಿ, ಹೆಚ್ಚಿನವರು ಬರ್ಲಿನ್ ಅಂತಾರೆ.

ಉತ್ತರ ತಪ್ಪು. ಟೆಕ್ನೋ ಹುಟ್ಟಿದ್ದು ಅಮೆರಿಕದ ಡೆಟ್ರಾಯಿಟ್‌ನಲ್ಲಿ. ಹುಟ್ಟಿಸಿದವರು ಕಪ್ಪು ಯುವಕರು. ಈ ಎರಡು ವಾಕ್ಯ ಯಾಕೆ ಮತ್ತೆ ಮತ್ತೆ ಹೇಳಬೇಕಾಗಿ ಬರ್ತಿದೆ ಅನ್ನೋದೇ ಇಲ್ಲಿನ ಪ್ರಶ್ನೆ.

ಡೆಟ್ರಾಯಿಟ್ ಅಂದರೆ ಕಾರು. ಫೋರ್ಡ್, ಜನರಲ್ ಮೋಟರ್ಸ್, ಕ್ರೈಸ್ಲರ್ ಕಂಪನಿಗಳ ಊರು. ದಕ್ಷಿಣದ ರಾಜ್ಯಗಳ ವರ್ಣಭೇದದಿಂದ ತಪ್ಪಿಸಿಕೊಂಡು ಲಕ್ಷಾಂತರ ಕಪ್ಪು ಜನ ಉತ್ತರದ ನಗರಗಳಿಗೆ ಬಂದರು. ಡೆಟ್ರಾಯಿಟ್‌ಗೆ ಬಂದವರಲ್ಲಿ ಬಹಳಷ್ಟು ಮಂದಿ ಕಾರು ಕಾರ್ಖಾನೆ ಸೇರಿದರು. 1950ರಲ್ಲಿ ನಗರದ ಜನಸಂಖ್ಯೆ ಸುಮಾರು 18.5 ಲಕ್ಷ. ಆಮೇಲೆ ಕಾರ್ಖಾನೆಗಳು ಊರ ಹೊರಗೆ ಹೋದವು, ಬಿಳಿಯರು ಉಪನಗರಗಳಿಗೆ ಹೋದರು. 1967ರ ಜುಲೈನಲ್ಲಿ ಪೊಲೀಸ್ ದಾಳಿಯೊಂದರಿಂದ ಹೊತ್ತಿಕೊಂಡ ದಂಗೆಯಲ್ಲಿ 43 ಜನ ಸತ್ತರು. 1972ರಲ್ಲಿ ಮೋಟೌನ್ ರೆಕಾರ್ಡ್ಸ್ ಕೂಡ ಲಾಸ್ ಏಂಜಲೀಸ್‌ಗೆ ಸ್ಥಳಾಂತರವಾಯಿತು. 1980ರ ಹೊತ್ತಿಗೆ ಜನಸಂಖ್ಯೆ 12 ಲಕ್ಷಕ್ಕೆ ಇಳಿದಿತ್ತು.

ಟೆಕ್ನೋ ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲೇ ಒಂದು ಸುಲಭದ ದಾರಿ ಹಿಡಿಯುತ್ತಾರೆ: ಪಾಳುಬಿದ್ದ ಊರು, ಹಸಿದ ಹುಡುಗರು, ಕಾರ್ಖಾನೆಯ ಸದ್ದೇ ಸಂಗೀತವಾಯಿತು ಅಂತ. ಕೇಳೋಕೆ ಚೆನ್ನಾಗಿದೆ. ಆದರೆ ಪೂರ್ತಿ ನಿಜವಲ್ಲ. ಹುವಾನ್ ಅಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಪರಿಚಯವಾಗಿದ್ದು ನಗರದಿಂದ ಸುಮಾರು 45 ಕಿಲೋಮೀಟರ್ ದೂರದ ಬೆಲ್‌ವಿಲ್‌ನ ಶಾಲೆಯಲ್ಲಿ. ಅಟ್ಕಿನ್ಸ್‌ಗೆ ಮೊದಲ ಸಿಂಥಸೈಜರ್ ಕೊಡಿಸಿದ್ದು ಅಜ್ಜಿ. ಕಾರು ಉದ್ಯಮದ ಸಂಬಳ, ಯೂನಿಯನ್ನಿನ ಬಲದಿಂದ ಆ ಪ್ರದೇಶದಲ್ಲಿ ಕಪ್ಪು ಮಧ್ಯಮ ವರ್ಗವೊಂದು ತಲೆ ಎತ್ತಿತ್ತು. ಅದರ ಮಕ್ಕಳ ಪಾರ್ಟಿಗಳಲ್ಲಿ ಯುರೋಪಿನ ಫ್ಯಾಷನ್ನಿನ ಗುಂಗಿತ್ತು. ರೇಡಿಯೋದಲ್ಲಿ 'ಎಲೆಕ್ಟ್ರಿಫೈಯಿಂಗ್ ಮೋಜೋ' ಎಂಬ ಡಿಜೆ ಪಾರ್ಲಿಮೆಂಟ್, ಪ್ರಿನ್ಸ್ ಜೊತೆಗೆ ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡವನ್ನೂ ಹಾಕುತ್ತಿದ್ದ. ಕಣ್ಣೆದುರು ಕುಸಿಯುತ್ತಿದ್ದ ಊರು ಒಂದು ಕಡೆ, ಮನಸ್ಸಿನಲ್ಲಿ ಭವಿಷ್ಯ ಇನ್ನೊಂದು ಕಡೆ. ಟೆಕ್ನೋ ಹುಟ್ಟಿದ್ದು ಇವೆರಡರ ನಡುವೆ.

ಹೆಸರಿನಲ್ಲೂ ಅದೇ ಇದೆ. ಕಾರ್ಖಾನೆ ಯುಗ ಮುಗಿದು ಮಾಹಿತಿ ಯುಗ ಬರುತ್ತದೆ ಎಂದ ಆಲ್ವಿನ್ ಟಾಫ್ಲರ್‌ನ 'ದಿ ಥರ್ಡ್ ವೇವ್' (1980) ಪುಸ್ತಕವನ್ನು ಅಟ್ಕಿನ್ಸ್ ಓದಿಕೊಂಡಿದ್ದ. ವಿಯೆಟ್ನಾಂ ಯುದ್ಧದಿಂದ ಮರಳಿದ್ದ ರಿಕ್ ಡೇವಿಸ್ ಜೊತೆ ಸೇರಿ ಸೈಬೋಟ್ರಾನ್ ತಂಡ ಕಟ್ಟಿ 1981ರಲ್ಲಿ ಮೊದಲ ರೆಕಾರ್ಡ್ ತಂದ. 1985ರಲ್ಲಿ ಮೆಟ್ರೋಪ್ಲೆಕ್ಸ್ ಎಂಬ ಸ್ವಂತ ಲೇಬಲ್ ಶುರು ಮಾಡಿದ. 1988ರಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾದ ಡೆಟ್ರಾಯಿಟ್ ಹಾಡುಗಳ ಸಂಕಲನದ ತಲೆಬರಹದಲ್ಲಿ 'ಟೆಕ್ನೋ' ಪದ ಬಂತು. ಜಗತ್ತು ಆ ಹೆಸರಿನಲ್ಲೇ ಗುರುತಿಸಿತು.

ಎಂಜಿನಿಯರಿಂಗ್ ಓದಿದ ನನಗೆ ಇದರಲ್ಲಿ ಇಷ್ಟವಾಗುವ ಭಾಗ ಯಂತ್ರದ್ದು. ಜಪಾನಿನ ರೋಲ್ಯಾಂಡ್ ಕಂಪನಿ 1980ರಲ್ಲಿ ಟಿಆರ್-808 ಎಂಬ ಡ್ರಮ್ ಯಂತ್ರ ತಂದಿತು. ಅದರಲ್ಲಿ ನಿಜವಾದ ಡ್ರಮ್ಮಿನ ರೆಕಾರ್ಡಿಂಗ್ ಇರಲಿಲ್ಲ. ಸರ್ಕ್ಯೂಟ್‌ಗೆ ಒಂದು ಪಲ್ಸ್ ಕೊಟ್ಟರೆ ಅದು ಬಡಿದ ಗಂಟೆಯಂತೆ ಅದುರಿ ನಿಧಾನಕ್ಕೆ ಅಡಗುತ್ತದೆ, ಅದೇ ಬಾಸ್ ಡ್ರಮ್. ಕೆಳಗೆ 16 ಗುಂಡಿ, ಎಲ್ಲೆಲ್ಲಿ ಪೆಟ್ಟು ಬೀಳಬೇಕೋ ಅಲ್ಲಲ್ಲಿ ಒತ್ತಿದರೆ ಆ ಸಾಲು ಸುತ್ತುತ್ತಲೇ ಇರುತ್ತದೆ. ಡ್ರಮ್ಮಿನ ಹಾಗೆ ಕೇಳಿಸಲ್ಲ ಅನ್ನುವ ದೂರು ಬಂತು, ಸುಮಾರು 12,000 ಯಂತ್ರ ಮಾಡಿ 1983ರಲ್ಲಿ ಕಂಪನಿ ನಿಲ್ಲಿಸಿಬಿಟ್ಟಿತು. ಯಂತ್ರಗಳು ಸೆಕೆಂಡ್ ಹ್ಯಾಂಡ್ ಅಂಗಡಿಗೆ ಬಂದವು. ಡ್ರಮ್ಮಿನ ಹಾಗೆ ಕೇಳಿಸದೇ ಇರೋದೇ ಬೇಕಾಗಿದ್ದ ಯುವಕರ ಕೈಗೆ ಅವು ಸಿಕ್ಕವು. ಬ್ಯಾಂಡು ಬೇಡ, ದುಬಾರಿ ಸ್ಟುಡಿಯೋ ಬೇಡ, ಒಂದು ಕೋಣೆ ಸಾಕು.

ಹಾಗಾದರೆ ಬರ್ಲಿನ್ ಪಾತ್ರ ಏನು? ದೊಡ್ಡದೇ. 1989ರ ನವೆಂಬರ್‌ನಲ್ಲಿ ಗೋಡೆ ಬಿತ್ತು. ಪೂರ್ವ ಬರ್ಲಿನ್ನಿನಲ್ಲಿ ವಾರಸುದಾರರು ಯಾರೆಂದೇ ಗೊತ್ತಿಲ್ಲದ ಕಟ್ಟಡಗಳು ಖಾಲಿ ಬಿದ್ದಿದ್ದವು. ಹಳೆಯ ಡಿಪಾರ್ಟ್‌ಮೆಂಟ್ ಸ್ಟೋರ್ ಒಂದರ ನೆಲಮಾಳಿಗೆಯ ತಿಜೋರಿ ಕೋಣೆಯಲ್ಲಿ 1991ರಲ್ಲಿ ಟ್ರೆಸರ್ ಕ್ಲಬ್ ತೆರೆಯಿತು. ಅದರ ಲೇಬಲ್ಲಿನ ಮೊದಲ ಬಿಡುಗಡೆಯೇ ಡೆಟ್ರಾಯಿಟ್‌ನವರದ್ದು. ಮೈಕ್ ಬ್ಯಾಂಕ್ಸ್, ಜೆಫ್ ಮಿಲ್ಸ್ ಕಟ್ಟಿದ 'ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್' ಬಳಗದ ಕೆಲಸ ಅದು. ತಮ್ಮ ಮುಖ ಮಾರುಕಟ್ಟೆಯ ಸರಕಾಗಬಾರದು ಅಂತ ಮುಸುಕು ಹಾಕಿಕೊಂಡವರು ಇವರು. ಪೂರ್ವ–ಪಶ್ಚಿಮದ ಯುವಜನರು ಒಟ್ಟಿಗೆ ಕುಣಿದದ್ದು ಈ ಸಂಗೀತಕ್ಕೆ. ಕ್ರಾಫ್ಟ್‌ವರ್ಕ್‌ನಿಂದ ಡೆಟ್ರಾಯಿಟ್ ಪಡೆದದ್ದೂ ಇದೆ. ಕೊಡು–ಕೊಳ್ಳುವಿಕೆ ಎರಡೂ ಕಡೆಯಿಂದ ನಡೆದಿದೆ. ಬರ್ಲಿನ್ ಟೆಕ್ನೋವನ್ನು ಕದ್ದಿತು ಅನ್ನೋದು ಅನ್ಯಾಯದ ಮಾತು.

ವ್ಯತ್ಯಾಸ ಆಗಿದ್ದು ಸರ್ಕಾರ ಮತ್ತು ಕಾನೂನಿನ ಮಟ್ಟದಲ್ಲಿ. ಟೆಕ್ನೋ ಕ್ಲಬ್ಬಿನ ರಾತ್ರಿಯೂ ಸಂಗೀತ ಕಚೇರಿ ಆಗಬಹುದು, ಟಿಕೆಟ್ ಮೇಲೆ ಶೇ 19ರ ಬದಲು ಶೇ 7 ತೆರಿಗೆ ಸಾಕು ಎಂಬ ವಾದವನ್ನು 2020ರಲ್ಲಿ ಜರ್ಮನಿಯ ಅತ್ಯುನ್ನತ ತೆರಿಗೆ ನ್ಯಾಯಾಲಯ ಒಪ್ಪಿತು. ಮರುವರ್ಷ ಅಲ್ಲಿನ ಸಂಸತ್ತು ಕ್ಲಬ್ಬುಗಳನ್ನು ಸಾಂಸ್ಕೃತಿಕ ತಾಣಗಳೆಂದು ಪರಿಗಣಿಸುವ ನಿರ್ಣಯ ಮಾಡಿತು. ಆಮೇಲೆ ಪರಂಪರೆಯ ಪಟ್ಟ. ಬಾಡಿಗೆ ಏರಿಕೆಯಿಂದ ಒದ್ದಾಡುತ್ತಿರುವ ಕ್ಲಬ್ಬುಗಳಿಗೆ ಇವೆಲ್ಲ ಆಸರೆ.

ಡೆಟ್ರಾಯಿಟ್‌ನಲ್ಲಿ? ಟೆಕ್ನೋದ ಮುಖ್ಯ ಕ್ಲಬ್ ಆಗಿದ್ದ ಮ್ಯೂಸಿಕ್ ಇನ್‌ಸ್ಟಿಟ್ಯೂಟ್ 1988ರಲ್ಲಿ ತೆರೆದು 1989ರಲ್ಲೇ ಮುಚ್ಚಿತು. ತವರಲ್ಲಿ ದೊಡ್ಡ ಎಲೆಕ್ಟ್ರಾನಿಕ್ ಸಂಗೀತ ಉತ್ಸವ ನಡೆಯಲು 2000ನೇ ಇಸವಿ ಬರಬೇಕಾಯಿತು. 2013ರಲ್ಲಿ ನಗರಾಡಳಿತವೇ ದಿವಾಳಿ ಅರ್ಜಿ ಹಾಕಿತು. ಟೆಕ್ನೋಗೆಂದು ಅಲ್ಲಿರುವ 'ಎಕ್ಸಿಬಿಟ್ 3000' ಎಂಬ ಸಣ್ಣ ಮ್ಯೂಸಿಯಂ ಅನ್ನು ಕಟ್ಟಿಕೊಂಡವರು ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್ ಬಳಗದವರೇ.

ಪರಂಪರೆಯ ಪಟ್ಟಿಗಳು ಸುಳ್ಳು ಹೇಳುವುದಿಲ್ಲ. ಆದರೆ ಅರ್ಜಿ ಬರೆಯಲು, ದಾಖಲೆ ಜೋಡಿಸಲು, ಕೋರ್ಟಿಗೆ ಹೋಗಲು ತಾಕತ್ತಿದ್ದವರ ಹೆಸರು ಮೊದಲು ಬರುತ್ತದೆ. ಆಸರೆ ಕೊಟ್ಟವರಿಗೆ ಗೌರವ ಸಿಗಲಿ, ತಕರಾರಿಲ್ಲ. ಹುಟ್ಟಿಸಿದವರ ಹೆಸರು ಅದೇ ಸಾಲಿನಲ್ಲಿ, ಅದಕ್ಕಿಂತ ಮೊದಲು ಇರಬೇಕು ಅಷ್ಟೇ. ಅಟ್ಕಿನ್ಸ್ ಮತ್ತವರ ಗೆಳೆಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರು ಬದುಕಿರುವಾಗಲೇ ಇಷ್ಟು ಮರೆವು ಸಾಧ್ಯವಾದರೆ, ಇನ್ನು 50 ವರ್ಷದ ನಂತರ ಡೆಟ್ರಾಯಿಟ್‌ನ ಹೆಸರು ಅಡಿಟಿಪ್ಪಣಿಯಲ್ಲಾದರೂ ಉಳಿದೀತೆ?