ಹನ್ನೆರಡು ಸಾವಿರ ಹೊಲಿಗೆಯ ಕೌದಿ

ಮಹಾನವಮಿಗೆ ಇನ್ನು ಎಂಟು ದಿನ ಇದೆ ಎನ್ನುವಾಗ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಳ್ಳದ ದಂಡೆಯ ಮೇಲೆ ಕಾಲಿಡಲು ಜಾಗ ಸಿಗುವುದಿಲ್ಲ. ಹಾಸಿಗೆ, ಹೊದಿಕೆ, ಜಮಖಾನೆ, ಚೀಲ ಎಲ್ಲವೂ ಗಾಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಬಂದು ಬೀಳುತ್ತವೆ. ಘಟ ಹಾಕುವ ಮೊದಲು ಮನೆಯಲ್ಲಿ ಒಗೆಯದ ಬಟ್ಟೆ ಒಂದೂ ಉಳಿಯಬಾರದು ಎಂಬುದು ಹಿರಿಯರ ಕಟ್ಟಳೆ. ಈ ರಾಶಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಟ ಕೊಡುವುದು ಕೌದಿ. ನೀರು ಕುಡಿದ ಕೌದಿ ಒಬ್ಬರ ಕೈಗೆ ಬಗ್ಗುವುದಿಲ್ಲ. ಇಬ್ಬರು ಎದುರುಬದುರು ನಿಂತು, ಒಬ್ಬರು ಬಲಕ್ಕೆ ಇನ್ನೊಬ್ಬರು ಎಡಕ್ಕೆ ತಿರುವಿ ಹಿಂಡಬೇಕು. ಮಳೆಗಾಲದಲ್ಲಿ ಅದನ್ನು ಒಗೆಯುವ ಮಾತೇ ಇಲ್ಲ. ವಾರ ಕಳೆದರೂ ಒಣಗದು, ಕಮಟು ವಾಸನೆ ಹಿಡಿಯುತ್ತದೆ. ಮೋಡ ಸರಿದು, ಆಶ್ವೀಜದ ಬಿಸಿಲು ಚುರುಕಾಗಿ ಬಿದ್ದಾಗಲೇ ಅದಕ್ಕೆ ಸ್ನಾನ.

ಬಂಡೆಯ ಮೇಲೆ ಹರವಿದ ಕೌದಿ ಒಣಗುತ್ತ ಬಂದಂತೆ ಅದರ ಹುಳುಕೆಲ್ಲ ಹೊರಬೀಳುತ್ತದೆ. ಇಲ್ಲಿ ದಾರ ಬಿಟ್ಟಿದೆ, ಅಲ್ಲಿ ತೇಪೆ ಕಿತ್ತಿದೆ, ಕಾಲ ಬುಡದ ಅಂಚು ಜಾಳಾಗಿದೆ. ಚಳಿ ಬರಲು ಹೆಚ್ಚು ದಿನ ಉಳಿದಿಲ್ಲ. ಬನ್ನಿ ಹಂಚಿದ ಮೇಲೆ, ಸುಗ್ಗಿಯ ಗಡಿಬಿಡಿ ಶುರುವಾಗುವ ಮೊದಲು ಸಿಗುವ ಕೆಲವು ಮಧ್ಯಾಹ್ನಗಳಲ್ಲಿ ಪಡಸಾಲೆಯಲ್ಲಿ ಸೂಜಿ ದಾರ ಹೊರಬರುತ್ತವೆ. ಹಳೆಯದರ ರಿಪೇರಿಗೆಂದು ಕುಳಿತವರು ಹೊಸದೊಂದಕ್ಕೆ ಕೈಹಾಕುವುದೂ ಉಂಟು.

ಕೌದಿಯೆಂದರೆ ಏನು ಎಂದು ಕೇಳುವ ಮಕ್ಕಳು ಈಗ ಪಟ್ಟಣಗಳಲ್ಲಿ ಬಹಳ ಇದ್ದಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಉಟ್ಟು ಹಳತಾದ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ಬಟ್ಟೆಯ ತುಂಡುಗಳನ್ನು ಜೋಡಿಸಿ, ಉದ್ದಕ್ಕೂ ಓಟದ ಹೊಲಿಗೆ ಹಾಕಿದ ಹೊದಿಕೆ ಅದು. ಅರಳೆ ತುಂಬುವುದಿಲ್ಲ. ಬಂಗಾಳದ ಕಾಂಥಾ, ಬಿಹಾರದ ಸುಜನಿ, ಮಹಾರಾಷ್ಟ್ರದ ಗೋಧಡಿ ಇವೆಲ್ಲ ಇದೇ ಬಳಗದವು. ಹರಕು ಬಟ್ಟೆ ಜೋಡಿಸಿದ ಹೊದಿಕೆಗೆ ಸಂಸ್ಕೃತದಲ್ಲಿ ‘ಕಂಥಾ’ ಎಂಬ ಹೆಸರೇ ಇದೆ. ಎಲ್ಲ ಕಡೆಯೂ ಲೆಕ್ಕ ಒಂದೇ: ಬಡವರ ಮನೆಯಲ್ಲಿ ಬಟ್ಟೆ ಸಾಯುವುದಿಲ್ಲ, ಮೈಮೇಲಿನಿಂದ ಹಾಸಿಗೆಗೆ ಇಳಿಯುತ್ತದೆ.

ಹೊಸ ಬಟ್ಟೆ ತಂದು ಕೌದಿ ಹೊಲಿದರೆ ಆಗದೇ? ಆಗುತ್ತದೆ, ಆದರೆ ಮೈಗೆ ಹಿತವಿರುವುದಿಲ್ಲ. ನೂರಾರು ಬಾರಿ ಒಗೆಸಿಕೊಂಡ ಹತ್ತಿ ಬಟ್ಟೆಯಲ್ಲಿ ಗಂಜಿ ಉಳಿದಿರುವುದಿಲ್ಲ, ನೂಲು ಮೆತ್ತಗಾಗಿರುತ್ತದೆ. ತೊಟ್ಟಿಲ ಕೂಸಿಗೆ ಅಜ್ಜಿಯ ಸೀರೆಯ ಕೌದಿಯನ್ನೇ ಹಾಸುವುದರಲ್ಲಿ ಬರೀ ಮಮತೆ ಮಾತ್ರವಲ್ಲ, ಎಳೆಯ ಚರ್ಮದ ಮೇಲಿನ ಕಾಳಜಿಯೂ ಇದೆ. ಇನ್ನು ಬೆಚ್ಚಗಿಡುವ ಗುಟ್ಟು ಬಟ್ಟೆಗಿಂತ ಹೆಚ್ಚಾಗಿ ಗಾಳಿಯಲ್ಲಿದೆ. ಪದರ ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ ಅಲುಗಾಡದೆ ನಿಲ್ಲುತ್ತದೆ. ನಿಂತ ಗಾಳಿ ಶಾಖವನ್ನು ಸುಲಭವಾಗಿ ಸಾಗಿಸದು. ಒಂದೇ ದಪ್ಪ ಬಟ್ಟೆಗಿಂತ ಆರು ತೆಳು ಬಟ್ಟೆ ಚಳಿಯನ್ನು ಚೆನ್ನಾಗಿ ತಡೆಯುವುದು ಇದರಿಂದ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಉಷ್ಣವಾಹಕತೆಯ ಪಾಠ ಓದುವ ಹುಡುಗ ರಾತ್ರಿ ಅದೇ ಪಾಠವನ್ನು ಹೊದ್ದು ಮಲಗಿರುತ್ತಾನೆ.

ಗಣಿತವೂ ಇದೆ. ಒಂಬತ್ತು ಗಜದ ಹಳೆಯ ಸೀರೆಯೆಂದರೆ ಸುಮಾರು 8.2 ಮೀಟರ್. ಅದನ್ನು ನಾಲ್ಕು ಮಡಿಕೆ ಮಾಡಿದರೆ ಎರಡು ಮೀಟರಿನಷ್ಟು ಉದ್ದ, ಸೀರೆಯ ಅಗಲವೇ ಕೌದಿಯ ಅಗಲ. ಒಬ್ಬರು ಕಾಲು ಚಾಚಿ ಮಲಗುವಷ್ಟು, ನಾಲ್ಕು ಪದರದ ಕೌದಿಗೆ ತಳ ಸಿದ್ಧವಾಯಿತು. ಆರು ಗಜದ್ದಾದರೆ ಮೂರೇ ಮಡಿಕೆ. ಆಗ ಎರಡು ಸೀರೆ ಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಕಟ್ಟಿದವರು ಕೌದಿ ಹೊಲಿದವರಾಗಿರಲಾರರು, ಏಕೆಂದರೆ ಕೌದಿಯಲ್ಲಿ ಕಾಲಿಗೆ ತಕ್ಕಂತೆ ಇನ್ನೊಂದು ತುಂಡು ಸೇರಿಸಿ ಹಾಸಿಗೆಯನ್ನೇ ಉದ್ದ ಮಾಡಬಹುದು!

ಈಗ ಹೊಲಿಗೆಯ ಲೆಕ್ಕ ಹಾಕಿ. ಕೌದಿ 2 ಮೀಟರ್ ಉದ್ದ, 1.2 ಮೀಟರ್ ಅಗಲ ಇದೆ ಎನ್ನೋಣ. ಸಾಲಿನಿಂದ ಸಾಲಿಗೆ 2 ಸೆಂಟಿಮೀಟರ್ ಬಿಟ್ಟರೆ 60 ಸಾಲು. ಒಟ್ಟು 120 ಮೀಟರ್ ಹೊಲಿಗೆ. ಸೂಜಿ ಒಮ್ಮೆ ಇಳಿದು ಮೇಲೆ ಬರಲು ಒಂದು ಸೆಂಟಿಮೀಟರ್ ಹಿಡಿದರೂ 12,000 ಹೊಲಿಗೆ. ನಿಮಿಷಕ್ಕೆ ಹತ್ತರಂತೆ ಹಾಕಿದರೆ 1,200 ನಿಮಿಷ, ಅಂದರೆ ಇಪ್ಪತ್ತು ತಾಸು. ಒಬ್ಬಳೇ ಕುಳಿತರೆ ಕತ್ತು, ಸೊಂಟ, ಕಣ್ಣು ಮೂರೂ ಮುಷ್ಕರ ಹೂಡುತ್ತವೆ. ನಾಲ್ವರು ಕುಳಿತರೆ ತಲೆಗೆ ಐದು ತಾಸು, ಎರಡು ಮಧ್ಯಾಹ್ನದ ಮಾತು. ಕೌದಿಯ ಸುತ್ತ ಯಾವಾಗಲೂ ನಾಲ್ಕು ಜನ ಕಾಣುವುದಕ್ಕೆ ಇದೇ ಕಾರಣ. ಇವತ್ತು ಇವರ ಮನೆಯ ಕೌದಿ, ಮುಂದಿನ ವಾರ ಅವರ ಮನೆಯದು. ಕೂಲಿ ಇಲ್ಲ, ಮುಯ್ಯಿ ಇದೆ.

ಕುಳಿತವರ ಕೈ ಸುಮ್ಮನಿರುವುದಿಲ್ಲ ಎಂದ ಮೇಲೆ ಬಾಯಿ ಸುಮ್ಮನಿರುತ್ತದೆಯೇ? ಸೊಸೆ ತಂದವರು, ಮಗಳನ್ನು ಕೊಟ್ಟವರು, ಬೆಳೆ ಕೈಕೊಟ್ಟವರು ಎಲ್ಲರ ಸುದ್ದಿಯೂ ಆ ಸಾಲುಗಳಲ್ಲಿ ಹಾದುಹೋಗುತ್ತದೆ. ನಡುವೆ ಒಬ್ಬರು ಹಾಡು ಎತ್ತುತ್ತಾರೆ, ಉಳಿದವರು ಸೊಲ್ಲು ಸೇರಿಸುತ್ತಾರೆ. ಎದುರುಬದುರು ಕುಳಿತು ಕಣ್ಣಿಟ್ಟು ಹೇಳಲಾಗದ ಸಂಕಟವನ್ನು ಸೂಜಿಯ ಕಡೆ ನೋಡುತ್ತ ಹೇಳುವುದು ಸುಲಭ. ಗಂಡಸರು ಇದನ್ನು ಹರಟೆ ಎನ್ನುತ್ತಾರೆ. ಕಟ್ಟೆಯ ಮೇಲೆ ಕುಳಿತು, ಕೈಯಲ್ಲಿ ಏನೂ ಇಲ್ಲದೆ ತಾವು ಆಡುವುದಕ್ಕೆ ಮಾತ್ರ ಬೇರೆ ಹೆಸರಿದೆ.

ಮಕ್ಕಳಿಗೆ ಅಲ್ಲಿ ಒಂದು ಉದ್ಯೋಗ ಖಾಯಂ. ಕಣ್ಣು ಮಂಜಾದ ಅಜ್ಜಿಯರಿಗೆ ಸೂಜಿಯ ಕಣ್ಣು ಕಾಣುವುದಿಲ್ಲ. ಶಾಲೆಗೆ ಹೊರಟ ಮೊಮ್ಮಗನನ್ನು ಕೂಗಿ ಹತ್ತು ಹನ್ನೆರಡು ಸೂಜಿಗೆ ದಾರ ಪೋಣಿಸಿಕೊಂಡು, ಬಟ್ಟೆಯ ಅಂಚಿಗೆ ಸಾಲಾಗಿ ಚುಚ್ಚಿಟ್ಟುಕೊಳ್ಳುತ್ತಾರೆ. ಆತ ಸಂಜೆ ಮರಳುವ ಹೊತ್ತಿಗೆ ಎಷ್ಟು ಸೂಜಿ ಖಾಲಿಯಾಗಿವೆ ಎಂಬುದೇ ಅಂದಿನ ಕೆಲಸದ ಅಳತೆ.

ಕರ್ನಾಟಕದ ಕೌದಿಗಳಲ್ಲಿ ಹೊರದೇಶಕ್ಕೂ ಹೆಸರಾದುದು ಉತ್ತರ ಕನ್ನಡದ ಸಿದ್ದಿ ಹೆಂಗಸರದ್ದು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಕಾಡಂಚಿನ ಊರುಗಳಲ್ಲಿ ಇರುವ ಸಿದ್ದಿಗಳ ಪೂರ್ವಜರು ಆಫ್ರಿಕದಿಂದ ಬಂದವರು. ಅವರಲ್ಲಿ ಹಲವರನ್ನು ಗುಲಾಮರನ್ನಾಗಿ ಗೋವೆಗೆ ತರಲಾಗಿತ್ತು. ಇವತ್ತು ಅವರಲ್ಲಿ ಹಿಂದೂಗಳು, ಕ್ರೈಸ್ತರು, ಮುಸ್ಲಿಮರು ಮೂವರೂ ಇದ್ದಾರೆ. ಕೌದಿಯ ಕಸುಬು ಮೂವರದ್ದೂ. ಅವರು ಅದನ್ನು ಕವಂದಿ ಎನ್ನುತ್ತಾರೆ. ಹೊಲಿಯುವ ಕ್ರಮವೇ ಬೇರೆ. ಒಂದು ಮೂಲೆಯಿಂದ ಹೊರಟು ಅಂಚಿನುದ್ದಕ್ಕೂ ಸುತ್ತಿ, ಸುತ್ತು ಸುತ್ತಾಗಿ ಒಳಕ್ಕೆ ಸಾಗಿ, ನಡುವಿಗೆ ಬಂದು ನಿಲ್ಲುತ್ತಾರೆ. ತೇಪೆಗಳನ್ನು ಮೊದಲೇ ಕತ್ತರಿಸಿ ಜೋಡಿಸಿಟ್ಟಿರುವುದಿಲ್ಲ. ಸುತ್ತು ಮುಂದೆ ಹೋದಂತೆ, ಪಕ್ಕದ ಬಣ್ಣ ನೋಡಿ, ಮುಂದಿನ ತುಂಡನ್ನು ಆರಿಸಿ, ಅಂಚು ಮಡಿಚಿ ಅಲ್ಲೇ ಹೊಲಿಯುತ್ತಾರೆ. ಕೆಂಪಿನ ಪಕ್ಕ ಹಸಿರೇ, ಹಳದಿಯೇ ಎಂಬ ತೀರ್ಮಾನ ಆ ಗಳಿಗೆಯದು. ಕೊನೆಯಲ್ಲಿ ನಾಲ್ಕೂ ಮೂಲೆಗೆ ಮಡಿಚಿದ ತ್ರಿಕೋನಾಕಾರದ ತುಂಡುಗಳನ್ನು ಸೇರಿಸುತ್ತಾರೆ. ಅದಕ್ಕೆ ‘ಫುಲಾ’ ಎಂದು ಹೆಸರು, ಹೂವು ಎಂದರ್ಥ. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ.

ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ. ಸಾಲು ಸಾಲಾಗಿ ಹೊಲಿದರೆ 120 ಮೀಟರ್ ಆಯಿತು. ಸಿದ್ದಿಗಳಂತೆ ಸುತ್ತು ಸುತ್ತಾಗಿ ಹೊಲಿದರೆ? ಹೆಚ್ಚಾದೀತು ಎಂದು ತೋರುತ್ತದೆ. ಆದರೆ ಸುತ್ತುಗಳ ನಡುವೆ ಅದೇ 2 ಸೆಂಟಿಮೀಟರ್ ಬಿಟ್ಟರೆ ಹೆಚ್ಚು ಕಡಿಮೆ ಅಷ್ಟೇ ಬರುತ್ತದೆ. ಕೌದಿಯ ವಿಸ್ತೀರ್ಣ 2.4 ಚದರ ಮೀಟರ್; ಅದನ್ನು ಸಾಲಿನ ಅಂತರವಾದ 0.02ರಿಂದ ಭಾಗಿಸಿ ನೋಡಿ. ದಾರಿ ನೇರವಿರಲಿ ಸುತ್ತಿರಲಿ, ಪಟ್ಟೆಗಳೆಲ್ಲ ಸೇರಿ ಮುಚ್ಚುವುದು ಅದೇ ನೆಲವನ್ನು. ಎಷ್ಟು ದಾರ ಬೇಕು ಎಂದು ಕೇಳಿದರೆ ಕೌದಿಯನ್ನು ಗೇಣಿನಿಂದ ಅಳೆದು ಹೇಳುವ ಅಜ್ಜಿಗೆ ಈ ಸೂತ್ರ ಗೊತ್ತಿಲ್ಲದಿರಬಹುದು, ಉತ್ತರ ಗೊತ್ತಿರುತ್ತದೆ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಆಫ್ರಿಕದ ಕಲೆಯ ಪ್ರಾಧ್ಯಾಪಕರಾಗಿದ್ದ ಹೆನ್ರಿ ಡ್ರೂವಲ್ ಈ ಕೌದಿಗಳನ್ನು ಕಂಡು ಬೆರಗಾದವರಲ್ಲಿ ಒಬ್ಬರು. 2004ರಲ್ಲಿ ಸಿದ್ದಿ ಮಹಿಳೆಯರ ಕೌದಿ ಸಹಕಾರ ಬಳಗವೊಂದು ರೂಪುಗೊಂಡಿತು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶಾಂಬರ್ಗ್ ಕೇಂದ್ರದಲ್ಲಿ ಸಿದ್ದಿ ಕೌದಿಗಳ ಪ್ರದರ್ಶನವೇ ನಡೆಯಿತು. ನೆಲದ ಮೇಲೆ ಹಾಸುವ ಕೌದಿ ಗೋಡೆಯನ್ನೇರಿ ನಿಂತಿತು. ಅದೇ ಅಮೆರಿಕದ ಅಲಬಾಮಾ ರಾಜ್ಯದ ಗೀಸ್ ಬೆಂಡ್ ಎಂಬ ಹಳ್ಳಿಯಲ್ಲಿ, ಗುಲಾಮರ ಸಂತತಿಯ ಕಪ್ಪು ಹೆಂಗಸರು ಹಳೆಯ ಕೆಲಸದ ಉಡುಪುಗಳಿಂದ ಹೊಲಿದ ಕೌದಿಗಳು 2002ರಲ್ಲಿ ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯ ಸೇರಿ, 2006ರಲ್ಲಿ ಅಂಚೆಚೀಟಿಯ ಮೇಲೂ ಬಂದವು. ಇವರು ಅವರನ್ನು ಕಂಡವರಲ್ಲ, ಅವರು ಇವರನ್ನು ಕೇಳಿದವರಲ್ಲ. ಇಬ್ಬರಿಗೂ ಚಳಿ ಇತ್ತು, ಹಳೆಯ ಬಟ್ಟೆ ಇತ್ತು.

ಹೊಗಳಿಕೆ ಇಷ್ಟಾದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಕೌದಿ ಹುಟ್ಟಿದ್ದು ಬಡತನದಲ್ಲಿ. ಅಣ್ಣ ಶಾಲೆಗೆ ಹೋದಾಗ ತಂಗಿ ಸೂಜಿ ಹಿಡಿದು ಕುಳಿತ ಮನೆಗಳು ಒಂದೆರಡಲ್ಲ. ಆ ತಂಗಿ ಇವತ್ತು ತಾಯಿಯಾಗಿದ್ದಾಳೆ. ಮಗಳು ಕೌದಿಯ ಹತ್ತಿರ ಬಂದರೆ, ‘ನೀ ಇದನ್ನ ಮುಟ್ಟಬ್ಯಾಡ, ಓದ್ಕೊ ಹೋಗು’ ಎಂದು ಗದರುತ್ತಾಳೆ. ಆ ಗದರಿಕೆಗೆ ನ್ಯಾಯವಿದೆ. ಕೌದಿ ಉಳಿಯಲೆಂದು ಹುಡುಗಿಯರ ಓದು ನಿಲ್ಲಬೇಕಾದರೆ ಕೌದಿ ಹೋಗುವುದೇ ಮೇಲು. ಆದರೆ ಇವೆರಡರಲ್ಲಿ ಒಂದನ್ನೇ ಆರಿಸಬೇಕು ಎಂದವರು ಯಾರು? ಕಷ್ಟವಿರುವುದು ಹುಡುಗಿಗೆ ಮಾತ್ರ ಸೂಜಿ ಕೊಟ್ಟದ್ದರಲ್ಲಿ. ಊರಿನ ಬಟ್ಟೆಯನ್ನೆಲ್ಲ ಹೊಲಿಯುವ ಸಿಂಪಿಗ ಗಂಡಸೇ ತಾನೇ?

ಶಾಲೆಗೂ ಸೂಜಿ ನೂಲಿಗೂ ನಂಟು ಹೊಸದಲ್ಲ. 1937ರ ವರ್ಧಾ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟ ಮೂಲಶಿಕ್ಷಣದಲ್ಲಿ ನೂಲುವುದು ಪಾಠದ ಪಕ್ಕದ ಕೆಲಸವಾಗಿರಲಿಲ್ಲ, ಪಾಠದ ಬೇರೇ ಆಗಿತ್ತು. ತಕಲಿ ತಿರುಗಿಸುತ್ತ ಬೆಳೆದ ತಲೆಮಾರೊಂದು ಕರ್ನಾಟಕದಲ್ಲೂ ಇತ್ತು. ಆ ಯೋಜನೆ ಕ್ರಮೇಣ ಮೂಲೆ ಸೇರಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯ ನಡುವೆ ಹತ್ತು ದಿನ ಪಾಟಿಚೀಲ ಬಿಟ್ಟು ಊರಿನ ಕುಶಲಕರ್ಮಿಗಳ ಹತ್ತಿರ ಕಲಿಯಲಿ ಎಂದು ಹೇಳಿದೆ. ಬಡಗಿ, ಕುಂಬಾರ, ಮಾಲಿ ಎಂದೆಲ್ಲ ಅದರಲ್ಲಿ ಹೆಸರುಗಳಿವೆ. ಕೌದಿ ಹೊಲಿಯುವ ಅಜ್ಜಿಯನ್ನು ಸೇರಿಸಬಾರದೆಂದು ಯಾರೂ ಹೇಳಿಲ್ಲ. ಹತ್ತು ದಿನದಲ್ಲಿ ಒಂದು ತರಗತಿ ಸೇರಿ ಒಂದು ಕೌದಿ ಮುಗಿಸಬಹುದು. ಮೂವತ್ತು ಮಕ್ಕಳಿದ್ದರೆ ತಲೆಗೆ ನಾನೂರು ಹೊಲಿಗೆ. ಗಂಡುಮಕ್ಕಳ ಹೊಲಿಗೆ ಮೊದಮೊದಲು ಸೊಟ್ಟಗಿರುತ್ತದೆ. ಇರಲಿ, ಸೊಟ್ಟ ಹೊಲಿಗೆಯೂ ಚಳಿಯನ್ನು ತಡೆಯುತ್ತದೆ.

ಆದರೆ ಬಟ್ಟೆ ಎಲ್ಲಿದೆ? ಇದು ಎಲ್ಲಕ್ಕಿಂತ ಕಠಿಣ ಪ್ರಶ್ನೆ. ನೈಲಾನು, ಪಾಲಿಯೆಸ್ಟರ್ ಸೀರೆಗಳು ಮನೆಗೆ ಬಂದ ಮೇಲೆ ಹಳೆಯ ಸೀರೆಗೆ ಮೊದಲಿನ ಗುಣ ಉಳಿದಿಲ್ಲ. ಅವು ಹರಿಯುವುದಿಲ್ಲ, ಮೆತ್ತಗಾಗುವುದೂ ಇಲ್ಲ. ಬೆವರು ಹೀರುವುದಿಲ್ಲ, ಪದರಗಳು ಒಂದರ ಮೇಲೊಂದು ಜಾರುತ್ತವೆ, ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತವೆ. ಸಂತೆಯಲ್ಲಿ ಅಗ್ಗದ ಮಿಂಚುವ ಬ್ಲಾಂಕೆಟ್ಟು ಸಿಗುವಾಗ ಇಪ್ಪತ್ತು ತಾಸು ಕೂರುವವರು ಯಾರು ಎಂದು ಕೇಳಿದರೆ ಅದಕ್ಕೂ ಸುಲಭದ ಉತ್ತರವಿಲ್ಲ. ಮೇಳಗಳಲ್ಲಿ ಕೌದಿ ಕೊಳ್ಳಲು ನಿಲ್ಲುವ ಪೇಟೆಯವರು ‘ಹಳೆ ಬಟ್ಟೆಗೆ ಇಷ್ಟು ರೇಟೇ?’ ಎಂದು ಚೌಕಾಸಿ ಮಾಡುವುದನ್ನು ನೋಡಬೇಕು. ಅವರಿಗೆ ಬಟ್ಟೆ ಕಾಣುತ್ತದೆ, ಹನ್ನೆರಡು ಸಾವಿರ ಹೊಲಿಗೆ ಕಾಣುವುದಿಲ್ಲ.

ಪಾಲಕರಿಗೆ ಈ ಹಬ್ಬದ ರಜೆಯಲ್ಲಿ ಮಾಡಬಹುದಾದ ಕೆಲಸ ಒಂದಿದೆ. ಟ್ರಂಕಿನ ತಳದಲ್ಲಿ ಇನ್ನೂ ಒಂದೆರಡು ಹತ್ತಿಯ ಸೀರೆ, ಅಜ್ಜನ ಒಂದು ಧೋತರ ಉಳಿದಿರಬಹುದು. ಪಾತ್ರೆ ಸಾಮಾನಿನವನಿಗೆ ಹಾಕುವ ಮುನ್ನ ಒಮ್ಮೆ ಬಿಸಿಲಿಗೆ ಹರವಿ ನೋಡಿ. ಪೂರಾ ಕೌದಿ ಬೇಡ, ಕೂರಲು ಒಂದು ಚೌಕ ಸಾಕು: ಮೊಳ ಉದ್ದ, ಮೊಳ ಅಗಲ, ನಾಲ್ಕು ಪದರ. ದಪ್ಪ ಹತ್ತಿಯ ದಾರ, ಉದ್ದನೆಯ ಸೂಜಿ, ಬೆರಳಿಗೆ ಒಂದು ಅಂಗುಸ್ತಾನ. ಮೊದಲು ಅಂಚಿನಿಂದ ಅಂಚಿಗೆ ದೊಡ್ಡ ಟಾಕು ಹಾಕಿ ಪದರಗಳನ್ನು ಹಿಡಿದು ನಿಲ್ಲಿಸಿದರೆ ಮಡಿಕೆ ಬೀಳುವುದಿಲ್ಲ. ಅಂಚಿನಿಂದ ಶುರುಮಾಡಿ ಒಳಗೆ ಹೋಗಿ. ಪಕ್ಕದ ಮನೆಯವರನ್ನು ಕರೆಯಿರಿ; ಒಬ್ಬರೇ ಹೊಲಿದರೆ ಎರಡನೇ ಸುತ್ತಿಗೇ ಬೇಸರ ಬರುತ್ತದೆ. ಆ ಸೀರೆ ಯಾರದ್ದು, ಯಾವ ಮದುವೆಗೆ ತಂದದ್ದು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಅಷ್ಟರಲ್ಲಿ ಅಜ್ಜಿ ಸೂಜಿಯೊಂದನ್ನು ಬೆಳಕಿಗೆ ಹಿಡಿದು, ದಾರದ ತುದಿಯನ್ನು ಬಾಯಲ್ಲಿ ತೇವ ಮಾಡಿ, ಮೂರು ಸಲ ತಪ್ಪಿ, ಮೊಮ್ಮಗನ ಕಡೆ ಚಾಚಿರುತ್ತಾರೆ.